ಬಾಟಲಿಯಲ್ಲಿ ಕಲಸಿ ನೋಡದ ಔಷಧಿ

ನಾನು ಕೆಳಗೆ ಸಹಿ ಮಾಡಿದವಳು, ವಯಸ್ಸು 57, ಕೆಲಸ ಬೇಸಾಯ, ವಾಸ ಕಾಲುವೆ ಬೀದಿಯ ಕೊನೆಯ ಮನೆ. ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಮ್ಮ ಸೋಯಾ ಬೆಳೆ ಔಷಧಿಯಿಂದ ಸುಟ್ಟುಹೋದದ್ದಕ್ಕೆ ನನ್ನ ಮೈದುನ ಕಾರಣನಲ್ಲ. ನಿನ್ನೆ ನನ್ನ ಮಗ ಕೊಟ್ಟ ದೂರು ತಪ್ಪು. ದಿನದ ಕೆಲಸವನ್ನು ನೋಟುಪುಸ್ತಕದಲ್ಲಿ ಬರೆದಿಡುತ್ತೇನೆ. ಸಮಯಗಳನ್ನು ಅದನ್ನು ನೋಡಿ ಹೇಳುತ್ತಿದ್ದೇನೆ.

ನನ್ನ ಯಜಮಾನರು ತೀರಿಕೊಂಡು ನಾಲ್ಕು ತಿಂಗಳು ಒಂಬತ್ತು ದಿನ. ಮೂವತ್ತೊಂದು ವರ್ಷ ಔಷಧಿ ಹೊಡೆದದ್ದು ಅವರೇ. ಹುಳುವಿನ ಔಷಧಿ, ಕಳೆ ಔಷಧಿ ಎರಡನ್ನೂ ಒಂದೇ ಸಲ ಹೊಡೆಯುವುದಿದ್ದರೆ ಮೊದಲು ಗಾಜಿನ ಬಾಟಲಿಯ ನೀರಿಗೆ ಎರಡನ್ನೂ ಚೂರು ಚೂರು ಹಾಕಿ, ಕುಲುಕಿ, ಜಗಲಿಯ ಮೇಲೆ ಅರ್ಧ ಗಂಟೆ ಇಡುತ್ತಿದ್ದರು. ಅಷ್ಟು ಹೊತ್ತು ನಾವಿಬ್ಬರೂ ಕೂತು ಟೀ ಕುಡಿಯುತ್ತಿದ್ದೆವು. ಹೊಸ ಬೀಗರನ್ನ ಒಂದೇ ಕೋಣೇಲಿ ಕೂರಿಸಿದ ಹಾಗೆ ಕಣೇ, ಜಗಳ ಆಡೋದಾದ್ರೆ ಇಲ್ಲೇ ಆಡ್ಕೊಳ್ಲಿ ಎನ್ನುತ್ತಿದ್ದರು. ಬಾಟಲಿಯಲ್ಲಿ ಕಲಸಿದ್ದು ಒಡೆದು ಗಡ್ಡೆಗಟ್ಟಿದರೆ ಆ ದಿನ ಒಂದನ್ನೇ ಹೊಡೆಯುತ್ತಿದ್ದರು.

ಕಳೆದ ಸೋಮವಾರ ಬೆಳಿಗ್ಗೆ 7.10ಕ್ಕೆ ಹೊಲಕ್ಕೆ ಹೋದೆ. ಹುಳು ಎಲೆಗಳನ್ನು ಜರಡಿ ಮಾಡಿತ್ತು. ಸಾಲುಗಳ ನಡುವೆ ಕಳೆ ಗೇಣುದ್ದ ಬಂದಿತ್ತು. ಎರಡು ಸಲ ಪಂಪು ಹೊರಲು ಸೊಂಟದಲ್ಲಿ ಶಕ್ತಿಯಿಲ್ಲದೆ ಎರಡೂ ಔಷಧಿಯನ್ನು ಒಂದೇ ಬಕೆಟ್ಟಿಗೆ ಸುರಿದೆ. ಬಾಟಲಿಯಲ್ಲಿ ನೋಡಲಿಲ್ಲ. ಒಬ್ಬಳೇ ಅರ್ಧ ಗಂಟೆ ಕೂರುವುದು ನನ್ನಿಂದ ಆಗಲಿಲ್ಲ. ಕಲಸಿದ್ದು ಒಡೆದ ಹಾಲಿನಂತಾಯಿತು. ಚೆಲ್ಲಲು ಮನಸ್ಸಾಗದೆ ಯಜಮಾನರ ಹಳೆಯ ಪಂಚೆಯಲ್ಲಿ ಸೋಸಿ, 8.00ರಿಂದ 11.20ರವರೆಗೆ ಹೊಡೆದೆ.

8.40ಕ್ಕೆ ಮೈದುನ ಬದುವಿನ ಆಚೆ ತನ್ನ ಹೊಲದಲ್ಲಿ, ಸುಮಾರು ಹತ್ತು ಅಡಿ ದೂರದಲ್ಲಿ ನಿಂತು, ಅತ್ತಿಗೆ, ಬಾಟ್ಲೀಲಿ ನೋಡಿದ್ರಾ ಎಂದು ಕೇಳಿದನು. ಬದುವಿನ ಜಗಳದಿಂದ ಅವನು ನಮ್ಮೊಂದಿಗೆ ಮಾತು ಬಿಟ್ಟು ಆರು ವರ್ಷವಾಗಿತ್ತು. ನಿನ್ನ ಕೆಲಸ ನೀನು ನೋಡ್ಕೋ ಎಂದೆ. ಹೋದನು. ಅವನು ಬದು ದಾಟಲಿಲ್ಲ.

ಗುರುವಾರ ಎಲೆಗಳು ಕಂದಿ ಸುರುಟಿಕೊಂಡವು. ಚಿಕ್ಕಪ್ಪನೇ ಏನೋ ಹೊಡೆದಿದ್ದಾನೆ ಎಂದು ಮಗ ಹೇಳಿದಾಗ ನಾನು ತುಟಿ ಬಿಚ್ಚಲಿಲ್ಲ.

ಮೈದುನ ನಿನ್ನೆ ಸಂಜೆಯಿಂದ ಇಲ್ಲಿ ಬೆಂಚಿನ ಮೇಲಿದ್ದಾನೆ. ಇಂದು 10.30ಕ್ಕೆ ಅವನನ್ನು ಕಂಡು, ಕಣ್ಣಾರೆ ಕಂಡದ್ದನ್ನು ಯಾಕೆ ಹೇಳಲಿಲ್ಲವೆಂದು ಕೇಳಿದೆ. ಅಣ್ಣ ಇಲ್ದೆ ನೀವು ಹಾಕಿದ ಮೊದಲ್ನೇ ಬೆಳೆ, ನಿಮ್ ಕೈಯಾರೆ ಸುಟ್ಟೋಯ್ತು ಅಂತ ನಿಮ್ ಮಗನ ಮುಂದೆ ನಾನು ಹ್ಯಾಗೆ ಹೇಳ್ಲಿ ಅತ್ತಿಗೆ ಎಂದನು.

ಅವನನ್ನು ನನ್ನೊಂದಿಗೆ ಕಳಿಸಿಕೊಡಬೇಕು. ಮಗನಿಗೆ ನಾನೇ ಹೇಳುತ್ತೇನೆ. ಹೇಳುವಾಗ ಅವನ ಚಿಕ್ಕಪ್ಪ ನಮ್ಮ ಮನೆಯೊಳಗೆ ಕೂತಿರಬೇಕು.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ನಡೆದದ್ದೇ ಇದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 16-8, ಶನಿವಾರ, ಮಧ್ಯಾಹ್ನ 12.05
ಸಹಿ