ನಿದ್ದೆ ಬರಿಸಿದವರು ನೀವೇ ತಾನೆ?

ಆ ಫೋನಿಗೆ ಕೈ ಹಾಕಬೇಡಿ ಅಂದೆ ತಾನೆ! ...ಹಾಂ, ನೋಡಿ ಈಗ. ಮೇಜಿನ ಗಾಜೂ ಹೋಯ್ತು, ಫೋನೂ ಹೋಯ್ತು. ಕೂತ್ಕೊಳ್ಳಿ ಡಾಕ್ಟ್ರಮ್ಮ. ಕೂತ್ಕೊಳ್ಳಿ ಅಂದೆ! ಬಾಗಿಲಿಗೆ ಚಿಲಕ ಹಾಕಿದೀನಿ. ನಿಮ್ಮ ಅಟೆಂಡರ್ ಬರ್ತಾನೆ ಅಂತ ಕಾಯಬೇಡಿ, ಅವನು ಹೊರಗೆ ಮೂಗು ಹಿಡ್ಕೊಂಡು ಕೂತಿದಾನೆ. ತಡೆಯೋಕೆ ಬಂದ, ಕೊಟ್ಟೆ ಒಂದು. ಇನ್ನು ಆ ಮೂಗು ಮೊದಲಿನ ಹಾಗಿರಲ್ಲ.

ಈ ಸುತ್ತಿಗೇನಾ? ಇದು ನನ್ನ ಅನ್ನ ಕಣಮ್ಮ. ಕಾರಿನ ಬಾಗಿಲು ಜಜ್ಜಿ ಹೋಗಿರುತ್ತಲ್ಲ, ಅದನ್ನ ಬಡಿದು ಬಡಿದು ಸರಿ ಮಾಡೋನು ನಾನು. ಯಾರು ಅಂತ ಗೊತ್ತಾಯ್ತಾ? ...ಬಿಡಿ, ಮುಖ ನೋಡಿದ್ರೆ ಗೊತ್ತಾದ ಹಾಗಿದೆ. ಮೊಣಕೈ ಮುರ್ಕೊಂಡು ಬಂದಿದ್ನಲ್ಲ ನಾಲ್ಕು ವರ್ಷದ ಹುಡುಗ, ಅವನಪ್ಪ. ಮೂಳೆ ಕೂರಿಸಿದ ಡಾಕ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಮೂಗಿಗೆ ಮಾಸ್ಕ್ ಹಿಡಿದು ಮಗೂಗೆ ನಿದ್ದೆ ಬರಿಸಿದವರು ನೀವೇ ತಾನೆ? ಅದೇ... ಅರಿವಳಿಕೆ!

ರೇಡಿಯೋ ಅಂತಿದ್ವಿ ಅವನನ್ನ. ಬೆಳಗ್ಗೆ ಬಾಯಿ ಬಿಟ್ರೆ ಮಲಗೋವಾಗಲೇ ಮುಚ್ಚೋದು. ಈಗ? ಉಹುಂ. ಒಂದು ಮಾತಿಲ್ಲ. ಕರೆದ್ರೆ ಗೋಡೆ ನೋಡ್ತಾನೆ. ಚಡ್ಡೀಲೇ ಒಂದಕ್ಕೆ ಹೋಗ್ತಾನೆ. ತಟ್ಟೆ ಕೊಟ್ರೆ ಕೆಳಗೆ ಬೀಳಿಸ್ತಾನೆ... ಮಕ್ಕಳ ಮೆದುಳನ್ನ ಈ ಔಷಧಿ ತಿಂದುಹಾಕುತ್ತೆ ಅಂತ ಓದಿದೀನಿ ನಾನು! ದೊಡ್ಡ ದೊಡ್ಡವರೇ ಬರೆದಿದಾರೆ!

ಏನು? ...ಗಂಟೆಗಟ್ಟಲೆ ಕೊಟ್ರೆ, ಮತ್ತೆ ಮತ್ತೆ ಕೊಟ್ರೆ ಯೋಚನೆ ಮಾಡಬೇಕು... ಒಂದೇ ಸಲ, ಸ್ವಲ್ಪ ಹೊತ್ತು ಕೊಟ್ರೆ ಹೀಗಾಗಲ್ಲ... ಅಂಥ ಮಕ್ಕಳನ್ನ ವರ್ಷಗಟ್ಟಲೆ ನೋಡಿದಾರೆ, ವ್ಯತ್ಯಾಸ ಕಂಡಿಲ್ಲ... ಅಯ್ಯೋ ಅಯ್ಯೋ, ನನ್ನ ಹೆಂಡ್ತೀನೂ ಇದನ್ನೇ ಹೇಳ್ತಾಳೆ! ನೀವೇ ಹೇಳ್ಕೊಟ್ಟಿದ್ದು ತಾನೆ? ಮತ್ಯಾಕೆ ಬೆವರ್ತಿದೀರಿ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ, ಹಾಗಾಯ್ತು!

ಯಾವಾಗ ಹಾಗೆ ಮಾಡ್ತಾನೆ ಅಂದ್ರೆ? ಯಾವಾಗಲೂ! ನನ್ನ ಬೈಕಿನ ಸದ್ದು ಕೇಳಿದ್ರೆ ಸಾಕು, ಮಂಚದ ಕೆಳಗೆ. ...ನಾನಿಲ್ಲದಾಗ? ನಾನಿಲ್ಲದಾಗ ನಡೆಯೋದು ನನಗೆ ಹೇಗಮ್ಮ ಗೊತ್ತಾಗುತ್ತೆ! ಶಾಲೇಲಿ ಹಾಡು ಹೇಳ್ತಾನಂತೆ, ಪಕ್ಕದ ಹುಡುಗಿ ಜಡೆ ಎಳೀತಾನಂತೆ, ಅವರ ಟೀಚರ್ ಹೇಳ್ತಾಳೆ. ಸುಳ್ಳು! ...ಹುಬ್ಬು ಯಾಕೆ ಏರಿಸಿದ್ರಿ? ಇಳಿಸಿ. ಇಳಿಸಿ ಅಂದೆ! ಈ ಮೇಜು ಇನ್ನೊಂದು ಏಟು ತಡೆಯಲ್ಲ ನೋಡಿ. ಆಮೇಲೆ ನಿಮ್ಮ ಬೆರಳು.

ನನಗೆ ಬೇರೇನೂ ಬೇಡ. ನನ್ನ ಹೆಂಡ್ತಿ ಮಗೂನ ಎತ್ಕೊಂಡು ಅವಳಕ್ಕನ ಮನೆ ಸೇರಿದಾಳೆ. ಬಾಗಿಲೇ ತೆಗೀತಿಲ್ಲ. ಒದ್ದೆ, ಆದ್ರೂ ತೆಗೀಲಿಲ್ಲ. ಬನ್ನಿ ನನ್ನ ಜೊತೆ, ಒಂದೇ ಒಂದು ಮಾತು ಹೇಳಿ. ತಪ್ಪು ನಿನ್ನ ಗಂಡಂದಲ್ಲಮ್ಮ, ಔಷಧೀದು ಅಂತ. ಅಷ್ಟೇ. ನಾಲಿಗೆ ಸವೆಯುತ್ತಾ? ನನ್ನ ಮಗ ನನ್ನ ಮನೆಗೆ ಬರ್ತಾನೆ.

ಕೈ ಹೇಗೆ ಮುರೀತು ಅಂತ ಈಗ್ಯಾಕೆ? ಬಿದ್ದ. ಮಂಚದಿಂದ ಬಿದ್ದ. ...ಮೆಟ್ಟಿಲು ಅಂತ ಬರೆಸಿದ್ನಾ? ಸರಿ, ಮೆಟ್ಟಿಲಿಂದ. ಮಕ್ಕಳು ಬೀಳೋಕೆ ಜಾಗ ಹುಡುಕ್ತಾವಾ! ನಗ್ತಿದೀರಾ? ...ನಗ್ತಿಲ್ಲ. ಮತ್ತೇನದು ಮುಖ? ಕಣ್ಣಲ್ಲಿ ನೀರ್ಯಾಕೆ? ನಿಮಗೆ ಇನ್ನೂ ಒಂದು ಏಟೂ ಬಿದ್ದಿಲ್ಲವಲ್ಲ!

ಒಂದು ಕೇಳ್ತೀನಿ. ಅಮಲಿಳಿದು ಎಚ್ಚರ ಆಗೋವಾಗ ಮಕ್ಕಳು ಬಡಬಡಿಸ್ತಾರಂತೆ, ಹೌದಾ? ಕಿರುಚ್ತಾರೆ, ಒದ್ದಾಡ್ತಾರೆ... ಆಗ ಅಂದಿದ್ದಕ್ಕೆ ತಲೆಬುಡ ಇರಲ್ಲ ಅಲ್ವಾ? ಯಾರೂ ನಂಬಬಾರದು ಅಲ್ವಾ? ಅವತ್ತು ನನ್ನನ್ನ ಹೊರಗೇ ಕೂರಿಸಿದ್ರಿ. ಒಳಗಿದ್ದಿದ್ದು ನೀವು, ಅವಳು, ಅವನು. ಆಚೆ ಬಂದಾಗಿನಿಂದ ಅವಳು ನನ್ನ ಮುಖ ನೋಡಿಲ್ಲ.

ಏನಂದ ಅವನು?

ಹೇಳಿ. ಹೊಡೆಯಲ್ಲ... ನೋಡಿ, ಸುತ್ತಿಗೆ ಕೆಳಗಿಟ್ಟೆ. ಏನಂದ? ...ಅಪ್ಪ, ಕೈ ತಿರುಚಬೇಡ ಅಂದ್ನಾ? ಚೂರು ತಿರುಚಿದ್ದು ಅಷ್ಟೇ ಅಮ್ಮ! ದಿನವಿಡೀ ತಗಡು ಬಡಿದು ಬಂದಿರ್ತೀನಿ, ಕಿವಿ ಗುಂಯ್ ಅಂತಿರುತ್ತೆ. ಒಂದು ಗಳಿಗೆ ಸುಮ್ಮನಿರೋ ಅಂದೆ. ಇರಲಿಲ್ಲ. ಎಳೆದು ತಿರುಚಿದೆ... ಲಟಕ್ ಅಂತು.

ಔಷಧಿ ಅಂತ ಹೇಳಿ ಡಾಕ್ಟ್ರಮ್ಮ. ನಿಮ್ಮ ಕಾಲು ಹಿಡ್ಕೋತೀನಿ. ಔಷಧಿ ಆದ್ರೆ ಎಂದೋ ಒಂದಿನ ಇಳಿಯುತ್ತೆ, ಅವನು ಓಡಿಬಂದು ನನ್ನ ಹೆಗಲೇರ್ತಾನೆ. ನಾನು ಅಂತಾದ್ರೆ... ಬೈಯಿರಿ. ಉಗೀರಿ. ಏನಾದ್ರೂ ಅನ್ನಿ ಅಮ್ಮ... ಅವನು ಹಾಗೆ ಅಂದೇ ಇಲ್ಲ ಅಂತಾದ್ರೂ ಅನ್ನಿ.