ಪುಸ್ತಕದ ಅಕ್ಕ, ಸಿನಿಮಾದ ಅಕ್ಕ

ಮಾನ್ಯ ಅಧ್ಯಕ್ಷರೇ, ಈ ಚಿತ್ರದ ನಿರ್ದೇಶಕರೇ, ನನ್ನ ಪಾತ್ರ ಮಾಡಿ ನನಗಿಂತ ಚೆನ್ನಾಗಿ ಕಾಣಿಸಿದ ನಟಿಯವರೇ, ಕಾದಂಬರಿ ಬರೆದು ನನ್ನನ್ನು ಈ ಮೈಕಿನವರೆಗೂ ಎಳೆದು ತಂದ ನನ್ನ ತಮ್ಮನೇ, ಮತ್ತು ಐದನೆಯ ಭಾಷಣಕ್ಕೂ ಎದ್ದು ಹೋಗದ ಸಭಿಕರೇ,

ಪುಸ್ತಕ ಚೆನ್ನಾಗಿದೆಯೋ ಸಿನಿಮಾ ಚೆನ್ನಾಗಿದೆಯೋ ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ನಾನು ಮೂವತ್ತೆಂಟು ವರ್ಷ ಬಟ್ಟೆ ಹೊಲಿದವಳು. ಅಳತೆ ತಪ್ಪಿದ್ದರೆ ಹೇಳಬಲ್ಲೆ, ಅಷ್ಟೇ. ಎರಡರಲ್ಲೂ ತಪ್ಪಿದೆ.

ಕಾದಂಬರಿಯ ಅಕ್ಕನಿಗೆ ಭಾರೀ ಗರ್ವ. ಎದುರಂಗಡಿಯ ಗಡಿಯಾರ ರಿಪೇರಿಯವನು ಮದುವೆಯಾಗೋಣವೆಂದರೆ ಅವನ ಮುಖಕ್ಕೇ ಬಾಗಿಲು ಹಾಕುತ್ತಾಳೆ. ಸಿನಿಮಾದ ಅಕ್ಕ ತ್ಯಾಗಮಯಿ. ತಮ್ಮನ ಓದಿಗಾಗಿ ಪ್ರೀತಿಯನ್ನು ಬಿಟ್ಟು, ರೈಲಿನ ಹಿಂದೆ ಓಡುತ್ತ ಹಾಡುತ್ತಾಳೆ. ನನ್ನ ಮಂಡಿ ನೋಡಿದವರು ಯಾರಾದರೂ ಇದನ್ನು ನಂಬುತ್ತಾರೆಯೇ? ನಾನು ಹಾಡಿದ್ದರೆ ರೈಲು ಹೊತ್ತಿಗೆ ಮುಂಚೆಯೇ ಹೊರಡುತ್ತಿತ್ತು.

ನಡೆದದ್ದು ಇಷ್ಟು. ಆ ಗಡಿಯಾರ ರಿಪೇರಿಯವರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಒಂದು ಮಧ್ಯಾಹ್ನ ನನ್ನ ಅಂಗಡಿಯ ಹೊಸ್ತಿಲಲ್ಲಿ ನಿಂತು, "ನಾಳಿದ್ದು ಹೊರಡ್ತೀನಿ. ನೀವೂ ಬನ್ನಿ. ನಿಮ್ಮ ತಮ್ಮನೂ ಬರಲಿ, ಅಲ್ಲೂ ಕಾಲೇಜಿದೆ" ಎಂದರು.

ತಮ್ಮನೂ ಬರಲಿ ಎಂದರು, ನಿರ್ದೇಶಕರೇ. ಹಾಗಾದರೆ ತ್ಯಾಗ ಎಲ್ಲಿಂದ ಬಂತು? ಗರ್ವವೂ ಅಲ್ಲ, ತಮ್ಮಾ. ನನಗಿದ್ದದ್ದು ಹೆದರಿಕೆ. ಅಪ್ಪ ಅಮ್ಮ ಹೋದ ಮೇಲೆ ನಾನು ಕಟ್ಟಿಕೊಂಡದ್ದು ಅದೊಂದು ಅಂಗಡಿ, ಅದರ ಮೇಲೊಂದು ಬೋರ್ಡು. ಗೊತ್ತಿಲ್ಲದ ಊರಿನಲ್ಲಿ ನಾನು ಯಾರು? "ನನ್ನಿಂದಾಗಲ್ಲ" ಎಂದೆ. "ಯಾಕೆ?" ಎಂದರು. ಹೆದರಿಕೆಯೆಂದು ಹೇಳಲು ನಾಚಿಕೆಯಾಗಿ ಬಾಗಿಲು ಹಾಕಿಕೊಂಡೆ.

ಒಳಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ತಮ್ಮನಿಗೆ ಬಾಗಿಲಿನ ಸದ್ದು ಕೇಳಿಸಿತು. ಆಮೇಲೆ ಸಂಜೆಯವರೆಗೂ ಹೊಲಿಗೆ ಮಿಷನ್ನಿನ ಸದ್ದು ಕೇಳಿಸಿತು. ಕೇಳಿದ್ದನ್ನೇ ಬರೆದ: 'ಅಕ್ಕ ಏನೂ ಆಗದವಳಂತೆ ಹೊಲಿಯುತ್ತ ಕೂತಳು.' ಅವನದೇನು ತಪ್ಪು?

ಸಿನಿಮಾದಲ್ಲೂ ಆ ದೃಶ್ಯ ಇದೆ. ನಟಿ ಮಿಷನ್ ತುಳಿಯುತ್ತಾರೆ. ಕ್ಯಾಮೆರಾ ಹತ್ತಿರ ಹೋಗುತ್ತದೆ. ಸೂಜಿಯಲ್ಲಿ ದಾರವಿಲ್ಲ. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಇದನ್ನು ಯಾರು ಹೇಳಿಕೊಟ್ಟರೆಂದು ಆಮೇಲೆ ಕೇಳಿದರೆ ಈಕೆ, "ಯಾರೂ ಇಲ್ಲಮ್ಮ. ಅಳೋದು ಒಳಗಿರೋ ತಮ್ಮನಿಗೆ ಕೇಳಿಸಬಾರದಲ್ವಾ, ಅದಕ್ಕೆ ಸುಮ್ನೆ ತುಳಿದೆ" ಎಂದರು.

ನಾನೂ ಅದಕ್ಕೇ ತುಳಿದದ್ದು.

ಚಿತ್ರಮಂದಿರದಿಂದ ಹಿಂತಿರುಗುವಾಗ ಕಾರಿನಲ್ಲಿ ತಮ್ಮ ಮೆಲ್ಲಗೆ, "ಅಕ್ಕಾ, ಅವತ್ತು ದಾರ ಇತ್ತಾ?" ಎಂದು ಕೇಳಿದ. "ಕಿಟಕಿ ಏರಿಸು, ಗಾಳಿ" ಎಂದುಬಿಟ್ಟೆ. ಕಾರಿನಲ್ಲಿ ಹೇಳಲಾಗದ್ದನ್ನು ಆರುನೂರು ಜನರ ಮುಂದೆ ಹೇಳುವುದು ಸುಲಭವೆಂದು ಈಗ ತಿಳಿಯುತ್ತಿದೆ.

ಇರಲಿಲ್ಲ, ಪುಟ್ಟಾ.

ತಲೆ ಎತ್ತು, ಫೋಟೋ ತೆಗೀತಿದ್ದಾರೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ತಪ್ಪು ಅಳತೆಯಲ್ಲೂ ನನ್ನನ್ನು ಚೆಂದ ಕಾಣಿಸಿದ ಇಬ್ಬರಿಗೂ, ಸುಮ್ಮನೆ ಕೂತು ಕೇಳಿದ ನಿಮಗೆಲ್ಲರಿಗೂ ನನ್ನ ಕೃತಜ್ಞತೆ. ನಮಸ್ಕಾರ.