ಆರು ಹಳದಿ ಸಸಿಗಳು ಮತ್ತು ಒಡೆದ ಕಿಟಕಿ

ಹೆಸರು: ನಿಬಿಯಾ ಫಗುಂದೆಸ್. ವಯಸ್ಸು: 63 ವರ್ಷ. ಅವಿವಾಹಿತೆ. ಉದ್ಯೋಗ: ಬೀಜ ಮತ್ತು ಗಿಡದ ಸಾಮಾನಿನ ಅಂಗಡಿಯಲ್ಲಿ ಮಾರಾಟದ ಕೆಲಸ. ವಾಸ: ಅದೇ ಅಂಗಡಿಯ ಹಿಂದಿನ ಕೋಣೆ, ಲಾ ತೆಹಾ ಬಡಾವಣೆ, ಮೊಂಟೆವಿಡಿಯೊ.

ಠಾಣೆಯಿಂದ ಕರೆ ಬಂದ ಮೇರೆಗೆ ಈ ದಿನ ಹಾಜರಾಗಿ, ಯಾರ ಒತ್ತಾಯವೂ ಇಲ್ಲದೆ ತಿಳಿಸುವುದೇನೆಂದರೆ, ದಿನಾಂಕ 6-7-2023ರ ಗುರುವಾರ ಬೆಳಿಗ್ಗೆ ಎಬೆರ್ ತೆಚೆರಾ ಎಂಬುವರ ಮನೆಯ ಕಿಟಕಿಯ ಗಾಜು ಒಡೆದು ಒಳಗೆ ನುಗ್ಗಿದವಳು ನಾನೇ. ಎದುರು ಮನೆಯ ಸುಲ್ಮಾ ಪಿರಿಸ್ ಅವರು ಕಂಡದ್ದು ನನ್ನನ್ನೇ. ಅವರು ಪೊಲೀಸರಿಗೆ ಫೋನ್ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ.

ಎಬೆರ್ ತೆಚೆರಾ ಅವರಿಗೆ 71 ವರ್ಷ. ನಿವೃತ್ತ ಬಸ್ ಕಂಡಕ್ಟರ್. ಒಬ್ಬರೇ ಇರುತ್ತಾರೆ, ಮಕ್ಕಳಿಲ್ಲ. ಹೆಂಡತಿ ಒಲಿಂಡಾ ಹೋದ ವರ್ಷ ಮಾರ್ಚ್‌ನಲ್ಲಿ ತೀರಿಕೊಂಡರು. ಆಕೆ ಕೀಲುನೋವಿಗೆ ಮನೆಯಲ್ಲೇ ಗಾಂಜಾ ಗಿಡ ಬೆಳೆಸಿ ಎಣ್ಣೆ ಮಾಡಿಕೊಳ್ಳುತ್ತಿದ್ದರು. ಈಗ ಅದೇ ನೋವು ಇವರ ಮಂಡಿಗೂ ಬಂದಿದೆ. ಕಾನೂನಿನ ಪ್ರಕಾರ ಆರು ಗಿಡ ಬೆಳೆಸಲು ಅಂಚೆ ಕಚೇರಿಯಲ್ಲಿ ತಮ್ಮ ಹೆಸರು ನೋಂದಾಯಿಸಿದ್ದಾರೆ. ಆ ಚೀಟಿಯನ್ನು ನಾನು ನೋಡಿದ್ದೇನೆ.

12-6-2023ರ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವರು ಮೊದಲ ಬಾರಿಗೆ ಅಂಗಡಿಗೆ ಬಂದರು. "ದೋನ್ಯಾ ನಿಬಿಯಾ, ಆರು ಜನ ಪ್ಯಾಸೆಂಜರ್ ಹತ್ತಿದಾರೆ. ಎರಡು ವಾರದಿಂದ ಮುಂದೆ ಹೋಗಿ, ಮುಂದೆ ಹೋಗಿ ಅಂತ ಕೂಗ್ತಾ ಇದೀನಿ, ಒಬ್ರೂ ಕದಲ್ತಿಲ್ಲ" ಎಂದರು, ಸಸಿಗಳ ಬಗ್ಗೆ. ಬೀಜ ಒಲಿಂಡಾ ಅವರು ಅಂಗಿ ಗುಂಡಿಗಳ ಡಬ್ಬಿಯಲ್ಲಿ ತೆಗೆದಿಟ್ಟದ್ದಂತೆ, ಡಬ್ಬಿಯಲ್ಲಿ ಉಳಿದದ್ದು ಅಷ್ಟೇ ಅಂತೆ. ಆಕೆಯ ಹೊಲಿಗೆ ಕೋಣೆಯಲ್ಲಿ ದೀಪ ಕಟ್ಟಿ ಬೆಳೆಸುತ್ತಿರುವುದಾಗಿ ಹೇಳಿದರು. ಕಾಗದದಲ್ಲಿ ಮಡಿಸಿ ತಂದಿದ್ದ ಒಂದು ಎಲೆ ತೋರಿಸಿದರು. ಎಲೆ ಹಳದಿಯಾಗಿ, ಅಂಚು ಸುಟ್ಟ ಹಾಗಿತ್ತು.

ಆಗ ಬರಗಾಲದಿಂದಾಗಿ ಇಡೀ ಊರಿನ ನಲ್ಲಿಗಳಲ್ಲಿ ಉಪ್ಪುನೀರು ಬರುತ್ತಿತ್ತು. ಆ ನೀರು ಹಾಕಬೇಡಿ, ಬಾಟಲಿ ನೀರು ಹಾಕಿ, ಮಣ್ಣು ಒಣಗಿದ ಮೇಲೆ ಮಾತ್ರ ಹಾಕಿ ಎಂದೆ. ನೀವೇನು ಕುಡಿಯುತ್ತೀರಿ ಎಂದು ಕೇಳಿದ್ದಕ್ಕೆ, "ನನಗೆ ನಲ್ಲಿದೇ ಸಾಕು. ಮಾತೆ ಚಹಾದ ಎಲೆ ಹಾಕಿ ಕುದಿಸಿದ್ರೆ ಸಮುದ್ರನೂ ಕುಡೀಬಹುದು" ಎಂದರು.

ಮರುದಿನದಿಂದ ಅವರು ಪ್ರತಿದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಅಂಗಡಿಗೆ ಫೋನ್ ಮಾಡತೊಡಗಿದರು. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಆದರೂ 18ನೇ ತಾರೀಖು ಭಾನುವಾರ ಫೋನ್ ಬಂತು, ನಾನು ಹಿಂದಿನ ಕೋಣೆಯಿಂದ ಬಂದು ಎತ್ತಿಕೊಂಡೆ. ಹೊಸ ಎರಡು ಎಲೆ ಹಸಿರಾಗಿಯೇ ಬಂದಿವೆ, ಆದರೆ ಅರ್ಧ ಬೆರಳಿನಷ್ಟೂ ಎತ್ತರ ಆಗಿಲ್ಲ ಎಂದರು. ದೀಪದ ವಿಷಯ ಕೇಳಿದೆ. ಒಂದು ಗೇಣು ಮೇಲಿದೆ ಎಂದರು. ಎರಡು ಗೇಣಿಗೆ ಏರಿಸಲು ಹೇಳಿದೆ. ಆ ದಿನ 25 ನಿಮಿಷ ಮಾತಾಡಿದೆವು. ಅದರಲ್ಲಿ ಸಸಿಯ ಮಾತು ಐದು ನಿಮಿಷದ್ದು.

20-6-2023ರ ಮಂಗಳವಾರ, ಚಳಿಗಾಲ ಜೋರಾಗಿತ್ತು, ಕೋಣೆಯ ಬಿಸಿ ಎಷ್ಟಿದೆ ನೋಡಿ ಹೇಳಿ ಎಂದೆ. 11 ಡಿಗ್ರಿ ಎಂದರು. ಚಳಿಗೇ ಬೆಳೆಯುತ್ತಿಲ್ಲ ಎಂದು ನಾನು ತೀರ್ಮಾನಿಸಿದೆ. ಕೋಣೆಯನ್ನು 20 ಡಿಗ್ರಿಗಿಂತ ಕೆಳಗೆ ಬಿಡಬೇಡಿ, ಕಿಟಕಿ ಬಾಗಿಲಿನ ಸಂದಿಗಳನ್ನು ಮುಚ್ಚಿ, ಗಾಳಿ ಬರದಂತೆ ನೋಡಿಕೊಳ್ಳಿ ಎಂದು ಹೇಳಿದೆ. ಈ ಮಾತು ನಾನು ಹೇಳಿದ್ದು. ಹೇಳಿಕೆ ಬರೆದುಕೊಳ್ಳುತ್ತಿರುವ ಅಧಿಕಾರಿಗಳು ಇದು ಬೇಕಿಲ್ಲ ಎಂದರು. ಇರಲಿ, ಬರೆಯಿರಿ ಎಂದು ನಾನೇ ಕೇಳಿಕೊಂಡಿದ್ದೇನೆ.

ಅದೇ ದಿನ ಅವರು ಅಡುಗೆ ಮನೆಯಲ್ಲಿದ್ದ ಗ್ಯಾಸ್ ಹೀಟರನ್ನು ಸಿಲಿಂಡರ್ ಸಮೇತ ಹೊಲಿಗೆ ಕೋಣೆಗೆ ಎಳೆದು ತಂದರಂತೆ. ಕಿಟಕಿಯ ಸಂದಿಗೆ ಪೇಪರ್ ತುರುಕಿ, ಬಾಗಿಲ ಕೆಳಗೆ ಕಂಬಳಿ ಒತ್ತಿದರಂತೆ. 22ನೇ ತಾರೀಖು ತಮ್ಮ ಮಂಚವನ್ನೂ ಅಲ್ಲಿಗೆ ತಂದುಕೊಂಡರಂತೆ. ಮಂಚ ಯಾಕೆ ಎಂದು ಕೇಳಿದೆ. "ಎರಡು ಕೋಣೆಗೆ ಗ್ಯಾಸ್ ಯಾಕೆ ಸುಡ್ಲಿ" ಎಂದರು. ಆಮೇಲೆ, "ಅವುಗಳ ಪಕ್ಕ ಮಲಗಿದ್ರೆ ಕೋಣೇಲಿ ಯಾರೋ ಇದಾರೆ ಅನ್ಸುತ್ತೆ" ಎಂದರು. ನಾನು ನಕ್ಕೆ. ಆ ರಾತ್ರಿ ಊಟ ಮಾಡುವಾಗ ಆ ಮಾತು ನೆನಪಾಯಿತು. ನನ್ನ ಕೋಣೆಯಲ್ಲಿ ನಾನು ರೇಡಿಯೋ ಹಾಕಿಕೊಂಡೇ ಮಲಗುತ್ತೇನೆ.

27-6-2023ರ ಮಂಗಳವಾರ ಅವರು ಅಂಗಡಿಗೆ ನಡೆದು ಬಂದರು. ಮುಖ ಬಿಳಿಚಿಕೊಂಡಿತ್ತು. ಕೆಳಗಿನ ಎಲೆಗಳು ಮತ್ತೆ ಹಳದಿಯಾಗಿವೆ, ಈ ಸಲ ಅಂಚು ಸುಟ್ಟಿಲ್ಲ, ಎಲೆಗಳು ಕೆಳಕ್ಕೆ ಮುರುಟಿಕೊಂಡು ಕಾಂಡ ಸೊಟ್ಟಗಾಗಿದೆ ಎಂದರು. ನೀರು ಹೆಚ್ಚಾಗಿರಬೇಕು, ಕುಂಡ ಎತ್ತಿ ತೂಕ ನೋಡಿ, ಹಗುರಾದ ಮೇಲೆ ಮಾತ್ರ ನೀರು ಕೊಡಿ ಎಂದೆ. ಬೆಳಿಗ್ಗೆ ಎದ್ದರೆ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ ಎಂದೂ ಹೇಳಿದರು. ಉಪ್ಪುನೀರು ಕುಡಿದು ಬಿ.ಪಿ. ಏರಿರಬಹುದು, ಇನ್ನಾದರೂ ಬಾಟಲಿ ನೀರು ಕುಡಿಯಿರಿ ಎಂದೆ. ಆ ದಿನಗಳಲ್ಲಿ ಬಡಾವಣೆಯಲ್ಲಿ ಯಾರಿಗೆ ತಲೆನೋವು ಬಂದರೂ ಎಲ್ಲರೂ ನೀರನ್ನೇ ಬೈಯುತ್ತಿದ್ದರು. ಅಂಗಡಿಯಲ್ಲಿ ಅವರು 40 ನಿಮಿಷ ಕೂತಿದ್ದರು. ಹೊರಡುವಾಗ, ತಲೆನೋವು ಹೋಯಿತು, ನಿಮ್ಮ ಅಂಗಡಿಯ ಗಾಳಿ ಒಳ್ಳೆಯದು ಎಂದರು. ಹೊಗಳಿಕೆ ಅಂದುಕೊಂಡೆ.

ಜುಲೈ 5ನೇ ತಾರೀಖು ಬುಧವಾರ ಫೋನ್ ಬರಲಿಲ್ಲ. ನಾನು 11-15ಕ್ಕೆ ಮತ್ತು ಸಂಜೆ 4ಕ್ಕೆ ಮಾಡಿದೆ. ಎರಡನೇ ಸಲ ಎತ್ತಿ, ನಿದ್ದೆ ಬಂದಿತ್ತು ಎಂದರು.

6-7-2023ರ ಗುರುವಾರ 10-20ಕ್ಕೆ ಅವರೇ ಫೋನ್ ಮಾಡಿದರು. ಮಾತು ತೊದಲುತ್ತಿತ್ತು. "ಎಲ್ಲಾ ಮುರುಟಿ ಹೋಗಿವೆ, ದೋನ್ಯಾ ನಿಬಿಯಾ. ಒಲಿಂಡಾಳ ಜೆರೇನಿಯಂ ಗಿಡ ಇದೇ ಕೋಣೇಲಿತ್ತಲ್ಲ, ಹದಿನಾಲ್ಕು ವರ್ಷದ್ದು, ಅದೂ ಎಲೆ ಉದುರಿಸಿದೆ. ನಾನೇನು ತಪ್ಪು ಮಾಡಿದೆ ಹೇಳಿ" ಎಂದರು.

ಜೆರೇನಿಯಂ ಸುಲಭಕ್ಕೆ ಸಾಯುವ ಗಿಡವಲ್ಲ. ಅದಕ್ಕೆ ಅವರು ನೀರು, ದೀಪ ಯಾವುದನ್ನೂ ಬದಲಾಯಿಸಿರಲಿಲ್ಲ. ಬದಲಾದದ್ದು ಕೋಣೆಯ ಗಾಳಿ ಒಂದೇ. 1983ರಲ್ಲಿ ನಾನು ಸಾಲ್ಟೊದಲ್ಲಿ ಟೊಮೆಟೊ ಸಸಿ ಬೆಳೆಸುವ ಗಾಜಿನ ಮನೆಯಲ್ಲಿ ಕೂಲಿ ಮಾಡುತ್ತಿದ್ದೆ. ಅಲ್ಲಿ ಒಂದು ವಾರ ಹೀಟರ್ ಸರಿಯಾಗಿ ಉರಿಯದೆ ವಿಷಗಾಳಿ ತುಂಬಿ ಸಾವಿರಾರು ಸಸಿ ಹೀಗೆಯೇ ಹಳದಿಯಾಗಿ ಮುರುಟಿದ್ದವು. ನಮಗೆಲ್ಲ ತಲೆನೋವು ಬಂದಿತ್ತು. ಅದು ಆಗ ನೆನಪಾಯಿತು. ಹತ್ತು ದಿನ ಮುಂಚೆ ನೆನಪಾಗಬೇಕಿತ್ತು.

ಹೀಟರ್‌ನ ಉರಿ ಯಾವ ಬಣ್ಣ ಎಂದು ಕೇಳಿದೆ. "ಹಳದಿ. ಚೆನ್ನಾಗಿದೆ, ದೀಪದ ಥರ" ಎಂದರು. ಗ್ಯಾಸ್ ಸರಿಯಾಗಿ ಉರಿದರೆ ಅದು ನೀಲಿ ಇರಬೇಕು. ಈಗಲೇ ಆರಿಸಿ, ಕಿಟಕಿ ತೆಗೆದು ಹೊರಗೆ ಬನ್ನಿ ಎಂದೆ. "ಚಳಿ ಆಗುತ್ತಲ್ಲ ಅವಕ್ಕೆ" ಎಂದರು. ಅವು ಸಾಯಲಿ, ನೀವು ಎದ್ದೇಳಿ ಎಂದು ಜೋರು ಮಾಡಿದೆ. ಕುರ್ಚಿ ಸರಿದ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಲೈನ್ ಕಡಿದಿರಲಿಲ್ಲ.

10-28ಕ್ಕೆ ಅವರ ನೋಂದಣಿ ಚೀಟಿಯಲ್ಲಿ ನೋಡಿದ್ದ ವಿಳಾಸವನ್ನು ಅಗ್ನಿಶಾಮಕ ದಳಕ್ಕೆ ತಿಳಿಸಿ, ಅಂಗಡಿಗೆ ಬೀಗ ಹಾಕದೆ ಹೊರಟೆ. ದೂರ ಸುಮಾರು 900 ಮೀಟರ್. ನನ್ನ ಸೊಂಟ ಸರಿಯಿಲ್ಲ, ತಲುಪುವಾಗ 10-43 ಆಗಿತ್ತು. ಆ ಮನೆಗೆ ನಾನು ಹೋದದ್ದು ಅದೇ ಮೊದಲು. ಬಾಗಿಲು ಬಡಿದೆ, ತೆರೆಯಲಿಲ್ಲ. ಗೇಟಿನ ಬುಡದಲ್ಲಿದ್ದ ಇಟ್ಟಿಗೆಯಿಂದ ಬೀದಿ ಕಡೆಯ ಕಿಟಕಿ ಒಡೆದು ಒಳಗೆ ಇಳಿದೆ. ಅದು ಹೊಲಿಗೆ ಕೋಣೆಯೇ ಆಗಿತ್ತು. ಬಲಗೈಗೆ ಆದ ಗಾಯ ಆಗ ಆದದ್ದು. ಅವರು ಮೇಜಿನ ಮೇಲೆ ತಲೆಯಿಟ್ಟು ಒರಗಿದ್ದರು. ತಲೆಯ ಪಕ್ಕದಲ್ಲೇ ಆರು ಕುಂಡ ಸಾಲಾಗಿದ್ದವು, ಪ್ರತಿಯೊಂದಕ್ಕೂ ಕಂಡಕ್ಟರ್ ಕೈಬರಹದಲ್ಲಿ ನಂಬರ್ ಬರೆದ ಚೀಟಿ ಅಂಟಿಸಿತ್ತು. ಸಿಲಿಂಡರ್ ಆಫ್ ಮಾಡಿ, ಕಂಕುಳಿಗೆ ಕೈಹಾಕಿ ಅವರನ್ನು ಅಂಗಳದವರೆಗೆ ಎಳೆದೆ. ಸುಲ್ಮಾ ಪಿರಿಸ್ ಅವರು ಮೊದಲು "ಕಳ್ಳಿ, ಬಿಡೇ ಅವರನ್ನ" ಎಂದು ಕೂಗಿದರು, ಮುಖ ನೋಡಿದ ಮೇಲೆ ಕಂಬಳಿ ತಂದು ಹೊದಿಸಿದರು. 10-52ಕ್ಕೆ ಅಗ್ನಿಶಾಮಕದವರು ಬಂದು ಆಮ್ಲಜನಕ ಕೊಟ್ಟರು. ಇನ್ನರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು.

ಆಸ್ಪತ್ರೆಯಲ್ಲಿ ಸಂಜೆ 5ರವರೆಗೆ ಕಾದೆ. ರೋಗಿಗೆ ನೀವು ಏನಾಗಬೇಕು ಎಂದು ನರ್ಸ್ ಕೇಳಿದರು. ಬೀಜದ ಅಂಗಡಿಯವಳು ಎಂದೆ. ಅವರು ಹಾಗೇ ಬರೆದುಕೊಂಡರು. ಬೇರೆ ಯಾರೂ ಬರಲಿಲ್ಲ.

ಇನ್ನೊಂದು ವಿಷಯ. ಆರು ಕುಂಡಗಳನ್ನು ನಾನೇ ತಂದು ನನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದೇನೆ. ನನ್ನ ಹೆಸರಿನಲ್ಲಿ ನೋಂದಣಿ ಇಲ್ಲ. ಎರಡು ಸತ್ತಿವೆ. ಉಳಿದ ನಾಲ್ಕರಲ್ಲಿ ಹೊಸ ಎಲೆ ನೇರವಾಗಿ ಬರುತ್ತಿದೆ. ಇದು ಅಪರಾಧವಾದರೆ ಅದನ್ನೂ ದಾಖಲಿಸಿಕೊಳ್ಳಬೇಕು.

ಆ ಮನೆಯೊಳಗೆ ಹೋಗಲು ನನಗೆ ಮಾಲೀಕರ ಅನುಮತಿ ಇತ್ತೇ ಎಂದು ಠಾಣೆಯಿಂದ ಕರೆ ಬಂದಾಗಲೇ ಅಧಿಕಾರಿಗಳು ಕೇಳಿದ್ದರು. ಆದ್ದರಿಂದ ನಿನ್ನೆ 9ನೇ ತಾರೀಖು ಮಧ್ಯಾಹ್ನ 3ಕ್ಕೆ ಆಸ್ಪತ್ರೆಗೆ ಹೋಗಿ ಅವರನ್ನೇ ಕೇಳಿದೆ. ಮಾತು ಇನ್ನೂ ನಿಧಾನ. ಕಿಟಕಿ ಮುಚ್ಚಲು ಹೇಳಿದವಳು ನಾನು, ಅದನ್ನು ಮೊದಲು ಹೇಳಿದೆ. ಅನುಮತಿಯ ವಿಷಯಕ್ಕೆ ಮಾತ್ರ ಹೀಗೆ ಹೇಳಿದರು: "ಇತ್ತು ಅಂತ ಬರೆಸಿ. ಎರಡನೇ ವಾರಕ್ಕೇ ಗೊತ್ತಿತ್ತು ನನಗೆ, ನೀವು ಹೇಳೋದನ್ನೆಲ್ಲ ಒಂದೇ ಚೀಟೀಲಿ ಬರ್ಕೊಂಡ್ರೆ ದಿನಾ ಫೋನ್ ಮಾಡೋ ಕೆಲಸ ಇಲ್ಲ ಅಂತ. ಬರ್ಕೊಳ್ಳಲಿಲ್ಲ. ಒಂದ್ಸಲ ಬಂದು ನೋಡಿ ಅಂತ ನಿಮ್ಮನ್ನ ಕರೆಯೋಕೆ ಬಾಯಿ ಬರ್ಲಿಲ್ಲ, ಅಷ್ಟೇ."

ಇದಿಷ್ಟೂ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಬರೆದುದನ್ನು ನನಗೆ ಓದಿ ಹೇಳಿದ್ದಾರೆ, ಸರಿಯಾಗಿದೆ. ಗಾಯದಿಂದಾಗಿ ಎಡಗೈಯಲ್ಲಿ ಸಹಿ ಮಾಡಿದ್ದೇನೆ.

ಸ್ಥಳ: ಮೊಂಟೆವಿಡಿಯೊ
ದಿನಾಂಕ: 10-7-2023
(ಸಹಿ) ನಿಬಿಯಾ ಫಗುಂದೆಸ್